ಸುಡದ ತಾಮ್ರ

ಒಂಬತ್ತನೆಯ ಕಂತು

"ಮುಟ್ಟಬೇಡ."

ಚನಿಯ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಮುಟ್ಲಿಲ್ಲ ಮಾರಾಯ್ರೆ. ಮೇಲಿನ ಬೋಲ್ಟು ಆ ಸ್ಪ್ಯಾನರಿಗೆ ಸಿಕ್ಕುದಿಲ್ಲ ಅಂತ ಹೇಳ್ಲಿಕ್ಕೆ ಬಂದದ್ದು."

"ಬಾಯಲ್ಲಿ ಹೇಳು. ಕೈ ಬೆನ್ನ ಹಿಂದೆ ಕಟ್ಕೊ."

ಶಾಮಸುಂದರ ಗೋದಾಮಿನ ಸಿಮೆಂಟು ನೆಲದಲ್ಲಿ, ಪೊಲೀಸರು ತಂದಿಟ್ಟ ಟ್ರ್ಯಾಕ್ಟರಿನ ಪಕ್ಕ ಮಂಡಿಯೂರಿದ್ದ. ಐವತ್ತೆರಡು ವರ್ಷದ ಮಂಡಿ ನೋಯುತ್ತಿತ್ತು. ವಿಮಾ ಕಂಪನಿಯ ತನಿಖೆಗಾರನಾದ ಮೇಲೆ ಅವನು ಕಾಗದ ತಿರುವಿದ್ದೇ ಹೆಚ್ಚು. ಅಬುಧಾಬಿಗೆ ಬರುವ ಮುಂಚೆ ಪಿರಿಯಾಪಟ್ಟಣದ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಗ್ರೀಸು ತಿಂದವನು. ಅಂಥವನಿಗೆ ಸ್ಟಾರ್ಟರ್ ಇಳಿಸುವುದನ್ನು ಇನ್ನೊಬ್ಬ ಹೇಳಿಕೊಡುವ ದಿನ ಬಂತಲ್ಲ ಎಂದು ರೇಗಿತು.

"ಯಾವ ಸ್ಪ್ಯಾನರಯ್ಯ ಮತ್ತೆ?"

"ಬಗ್ಗಿದ್ದು. ಆ ಪೆಟ್ಟಿಗೆಯಲ್ಲಿ ಉಂಟು. ಎರಡು ಬೋಲ್ಟು ಕಣ್ಣಿಗೆ ಕಾಣ್ತದೆ, ಮೂರನೆಯದ್ದು ಬೆರಳಿಗೆ ಮಾತ್ರ."

ಬಗ್ಗಿದ ಸ್ಪ್ಯಾನರಿಗೆ ಮೂರನೆಯ ಬೋಲ್ಟು ಸಿಕ್ಕಿತು. ಶಾಮಸುಂದರ ಮೊದಲಿನ ಸ್ಪ್ಯಾನರನ್ನು ಬದಿಗೆಸೆದ. ಅವನ ಮಟ್ಟಿಗೆ ಅದೇ ಹೊಗಳಿಕೆ.

ಹತ್ತು ದಿನದ ಹಿಂದೆ, ಸೋಮವಾರ ಬೆಳಿಗ್ಗೆ, ಬನಿಯಾಸ್ ಆಚೆಯ ಖರ್ಜೂರದ ತೋಟವೊಂದರಲ್ಲಿ ಇದೇ ಟ್ರ್ಯಾಕ್ಟರಿನ ಹಿಂದಿನ ಗಾಲಿಯಡಿ ಡ್ರೈವರ್ ಯುಜಿನ್ ಸತ್ತುಬಿದ್ದಿದ್ದ. ಅದಕ್ಕೆ ನಾಲ್ಕು ದಿನ ಮೊದಲು ಇದಕ್ಕೆ ಹೊಸ ಸ್ಟಾರ್ಟರ್ ಕೂರಿಸಿದವನು ಚನಿಯ.

ತೋಟದ ಕಂಪನಿ ಕರೆಸಿದ ಎಂಜಿನಿಯರ್ ಎರಡು ಪುಟ ಬರೆದುಕೊಟ್ಟಿದ್ದ. ಹೊಸ ಸ್ಟಾರ್ಟರ್ ಕೈಕೊಟ್ಟಿದೆ. ಕೀಲಿಗೆ ಹಿಡಿಯದೆ ಇದ್ದದ್ದರಿಂದ ಯುಜಿನ್ ನೆಲದ ಮೇಲೆ ನಿಂತು ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡಿದ್ದಾನೆ. ಟ್ರ್ಯಾಕ್ಟರು ಗೇರಿನಲ್ಲಿತ್ತು, ಅವನ ಮೇಲೇ ಹತ್ತಿದೆ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚಿನ ವಯರನ್ನೂ ಯಾರೋ ಕತ್ತರಿಸಿ ಅಡ್ಡ ಜೋಡಿಸಿದ್ದಾರೆ. ಆ ವಯರುಗಳನ್ನು ಕೊನೆಗೆ ಮುಟ್ಟಿದವನು ಚನಿಯ.

ಚನಿಯನ ಪಾಸ್‌ಪೋರ್ಟು ಪೊಲೀಸರ ಬಳಿ ಇತ್ತು. ಶಾಮಸುಂದರನ ವರದಿಗೆ ನಾಳೆ ಬೆಳಿಗ್ಗೆ ಹತ್ತು ಗಂಟೆಯ ಗಡುವು. ಅವನೂ ಅದನ್ನೇ ಬರೆದರೆ ಚನಿಯನಿಗೆ ಜೈಲು ಖಂಡಿತ.

ಸ್ಟಾರ್ಟರ್ ಕೈಗೆ ಬಂತು. ಏಳೆಂಟು ತಿಂಗಳ ಕೂಸಿನಷ್ಟು ಭಾರ. ಅದನ್ನು ಮೇಜಿನ ಮೇಲಿಟ್ಟು ಶಾಮಸುಂದರ ಎದ್ದ.

"ಬ್ಯಾಟರಿ ಕೊಟ್ಟು ನೋಡೋಣ. ಕೈಕೊಟ್ಟಿದೆಯೋ ಇಲ್ಲವೋ ಅದೇ ಹೇಳಲಿ."

ತಂತಿ ತಗುಲಿಸಿದ. ಟಕ್ ಎಂದು ಹಲ್ಲಿನ ಚಕ್ರ ಮುಂದಕ್ಕೆ ಹಾರಿ ಗಿರ್ರನೆ ತಿರುಗಿತು. ತೆಗೆದ, ಮತ್ತೆ ಕೊಟ್ಟ. ಹತ್ತು ಸಲ ಕೊಟ್ಟ. ಹತ್ತು ಸಲವೂ ಒಂದೇ ಸದ್ದು.

"ಇದು ಕೈಕೊಟ್ಟದ್ದಾ?" ಚನಿಯ ಕೇಳಿದ. "ಆ ಎಂಜಿನಿಯರನ್ನು ಕರೀರಿ. ಅವರ ತಲೆಗೆ ಬ್ಯಾಟರಿ ಕೊಟ್ಟು ನೋಡ್ವಾ."

"ಬಾಯಿ ಮುಚ್ಚು. ನಾನಿನ್ನೂ ನಿನ್ನ ಕಡೆ ಅಂತ ಯಾರು ಹೇಳಿದ್ದು?"

ಗೋದಾಮಿನ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಚನಿಯನ ಹೆಂಡತಿ ಲೋಲಾಕ್ಷಿ ಚಹದ ಫ್ಲಾಸ್ಕು, ಮೂರು ಲೋಟ ಹಿಡಿದು ಬಂದಳು. ಉದ್ದಾನುದ್ದ ಗಂಡನ ಭುಜಕ್ಕೂ ಬಾರದ ಗಿಡ್ಡ ಹೆಂಗಸು. ಮೇಜು ಎದೆಮಟ್ಟಕ್ಕೆ ಬರುತ್ತಿತ್ತು. ಖಾಲಿ ಬ್ಯಾಟರಿ ಪೆಟ್ಟಿಗೆಯೊಂದನ್ನು ಕಾಲಿನಿಂದ ಎಳೆದು, ಅದರ ಮೇಲೆ ನಿಂತು ಚಹ ಬಗ್ಗಿಸಿದಳು. ಹತ್ತಿರದಲ್ಲೇ ಇವರ ವರ್ಕ್‌ಶಾಪು. ಸ್ಟಾರ್ಟರ್, ಡೈನಮೋ ರಿಪೇರಿ. ಪಾಸ್‌ಪೋರ್ಟು ಹೋದ ದಿನದಿಂದ ಚನಿಯನಿಗೆ ರಾತ್ರಿ ನಿದ್ದೆಯಿಲ್ಲವೆಂದು ಪಿಕಪ್ ಓಡಿಸುತ್ತಿದ್ದವಳೂ ಅವಳೇ.

"ಸಕ್ಕರೆ ಹಾಕಿದ್ದೇನೆ ಸಾರ್. ನಿಮಗೆ ಆಗುದಿಲ್ಲವಾ?"

"ಆಗಲ್ಲ. ಕೊಡಿ ತಾಯಿ."

"ಇವರಿಗೆ ಮುಟ್ಲಿಕ್ಕೆ ಬಿಡ್ಲಿಲ್ಲವಾ ನೀವು? ಬೆಕ್ಕಿನ ಎದುರು ಮೀನು ಇಟ್ಟು ಕೈ ಕಟ್ಟಿದ ಹಾಗೆ ಆಗಿದೆ ನೋಡಿ."

"ನೀವು ಗಾಡಿ ಓಡಿಸ್ತೀರಿ, ಅಂಗಡಿ ನೋಡ್ತೀರಿ. ಇವನು ಮಾಡೋದೇನು?"

"ಬೊಬ್ಬೆ ಹೊಡೆಯುದು. ಅದು ನನಗೆ ಬರುದಿಲ್ಲ. ಗಾಡಿ ಎಂಥ ದೊಡ್ಡದು, ನಮ್ಮ ಅಪ್ಪನ ಗದ್ದೆಯಲ್ಲಿ ಟಿಲ್ಲರು ಬಿಟ್ಟವಳು ನಾನು."

ಶಾಮಸುಂದರ ನಗಲಿಲ್ಲ. ಆದರೆ ಚಹ ಚೆನ್ನಾಗಿತ್ತು.

ಅವನು ಸ್ಟಾರ್ಟರಿಗೆ ಅಂಟಿಕೊಂಡು ಬಂದಿದ್ದ ವಯರನ್ನು ಎತ್ತಿ ಹಿಡಿದ. ಒಂದು ಕಡೆ ಜೋಡಿಸಿದ ಗುರುತು. ಬೆಸುಗೆ ಹಾಕಿ, ಬಟ್ಟೆಯ ಕೊಳವೆ ತೊಡಿಸಿ, ಮೇಲೆ ಮೇಣದ ದಾರ ಬಿಗಿದಿದ್ದರು. ದಾರ ಸುಮ್ಮನೆ ಸುತ್ತಿದ್ದಲ್ಲ. ಎರಡು ಎಳೆ ಎಡಕ್ಕೆ, ಎರಡು ಎಳೆ ಬಲಕ್ಕೆ ವಾಲಿ, ಜಡೆಯ ಹಾಗೆ ಸಾಲಾಗಿ ಕೂತಿತ್ತು.

"ಇದೇನಿದು ಶೋಕಿ?"

"ಶೋಕಿ ಅಲ್ಲ ಸಾರ್," ಚನಿಯ ಹೇಳಿದ. "ಇಲ್ಲಿಯ ಬಿಸಿಲಿಗೆ, ಎಂಜಿನಿನ ಬೆಂಕಿಗೆ ಪ್ಲಾಸ್ಟಿಕ್ ಟೇಪು ನಿಲ್ಲುದಿಲ್ಲ. ಅಂಟೆಲ್ಲ ಕರಗಿ ಬೆಲ್ಲದ ಪಾಕದ ಹಾಗೆ ಇಳೀತದೆ. ನಮ್ಮ ಅಂಗಡಿಯಲ್ಲಿ ಟೇಪೇ ಇಲ್ಲ. ಜಾಯಿಂಟಿಗೆ ದಾರವೇ."

"ಜಾಯಿಂಟು ಅವರದ್ದು, ಗಂಟು ನಂದು," ಲೋಲಾಕ್ಷಿ ಹೇಳಿದಳು. "ಶಂಕರಪುರದವಳಲ್ಲವಾ. ಆರನೇ ವಯಸ್ಸಿನಿಂದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಕಟ್ಟಿ ಕೈ ಅದೇ ದಾರಿ ಹಿಡಿದಿದೆ. ಹೂವಾದ್ರೇನು, ವಯರಾದ್ರೇನು. ಇವರಿಗೆ ಹದಿನೈದು ವರ್ಷದಿಂದ ಕಲಿಸ್ತಾ ಇದ್ದೇನೆ. ಆ ಬೆರಳಿಗೆ ಬರುದಿಲ್ಲ."

ಚನಿಯ ಎಡಗೈಯ ತೋರುಬೆರಳು ಎತ್ತಿ ತೋರಿಸಿದ. ಮೇಲಿನ ಗೆಣ್ಣು ಇರಲಿಲ್ಲ. ಫ್ಯಾನ್ ಬೆಲ್ಟು ಎಂದೋ ತಿಂದುಹಾಕಿತ್ತು.

ಲೋಲಾಕ್ಷಿ ಫ್ಲಾಸ್ಕು ಬಿಟ್ಟು ಪಿಕಪ್ಪಿನ ತಂಪಿಗೆ ಹೋದಳು. ಶಾಮಸುಂದರ ಕನ್ನಡಕ ಹಾಕಿಕೊಂಡು ಸ್ಟಾರ್ಟರಿನ ಮೇಲೆ ಬಗ್ಗಿದ.

ಸ್ಟಾರ್ಟರಿನ ಬೆನ್ನ ಮೇಲೆ ಕೂತ ಸಣ್ಣ ಉರುಳೆ, ಸೊಲೆನಾಯ್ಡು. ಅದರ ಹಿಂಭಾಗದಲ್ಲಿ ತಾಮ್ರದ ಎರಡು ದಪ್ಪ ಬೋಲ್ಟು, ಪಕ್ಕದಲ್ಲಿ ಒಂದು ಸಣ್ಣದು. ಕೀಲಿ ಕೆಲಸ ಮಾಡದಿದ್ದರೆ ಹಳ್ಳಿಯ ಡ್ರೈವರುಗಳು ಇಲ್ಲೇ ಸ್ಕ್ರೂಡ್ರೈವರ್ ಅಡ್ಡ ಇಡುವುದು. ಇಟ್ಟಾಗ ಬರುವ ಕಿಡಿ ಮದುವೆ ಮನೆಯ ಸುರುಸುರು ಬತ್ತಿಯಲ್ಲ. ತಾಮ್ರವನ್ನು ಕಚ್ಚಿ ತಿನ್ನುತ್ತದೆ. ಒಂದು ಸಲ ಇಟ್ಟರೂ ಸಾಸಿವೆಯಷ್ಟು ಗುಳಿ, ಸುತ್ತ ಕರಿ. ಉಜ್ಜಿದರೂ ಹೋಗದ ಕಲೆ.

ಅವನು ಟಾರ್ಚು ಹಾಕಿ ನೋಡಿದ. ಭೂತಗನ್ನಡಿ ಇಟ್ಟು ನೋಡಿದ. ಉಗುರು ಎಳೆದು ನೋಡಿದ.

ತಾಮ್ರ ಹೊಸ ಪೈಸೆಯ ಹಾಗಿತ್ತು. ಒಂದು ಚುಕ್ಕೆ ಇಲ್ಲ.

"ಹಳೇ ಸ್ಟಾರ್ಟರ್ ಎಲ್ಲಿ?"

"ನಮ್ಮ ಬೆಂಚಿನ ಅಡಿಗೆ ಇತ್ತು. ನಿನ್ನೆ ನಿಮ್ಮ ಕೈಗೇ ಕೊಟ್ಟದ್ದಲ್ಲವಾ."

ಮೂಲೆಯ ಗೋಣಿಚೀಲದಿಂದ ಶಾಮಸುಂದರ ಅದನ್ನು ತೆಗೆದ. ಅದರ ಬೋಲ್ಟುಗಳು ಸಿಡುಬು ಬಂದ ಮುಖದ ಹಾಗಿದ್ದವು. ಅರ್ಧ ತಾಮ್ರವನ್ನು ಕಿಡಿ ತಿಂದಿತ್ತು.

"ಯುಜಿನ್ ಪೊರ್ಬುಗಳು ಆರು ತಿಂಗಳು ಅದನ್ನು ಹಾಗೇ ಓಡಿಸಿದ್ದು," ಚನಿಯ ಹೇಳಿದ. ಕ್ರಿಸ್ತಿಯನ್ನರನ್ನು ಅವನ ಊರಿನಲ್ಲಿ ಹಾಗೇ ಕರೆಯುವುದು. "ನಾನು ಬೈದಿದ್ದೆ. ಪೊರ್ಬುಗಳೇ, ಒಂದು ದಿನ ಇದು ನಿಮ್ಮ ಮೇಲೆ ಹತ್ತುತ್ತದೆ ಅಂತ ಹೇಳಿದ್ದೆ. ಶುಕ್ರವಾರ ಶುಕ್ರವಾರ ಊಟಕ್ಕೆ ಬರ್ತಿದ್ರು ನಮ್ಮಲ್ಲಿಗೆ. ಮೂರು ತಿಂಗಳಿಂದ ಬರ್ಲಿಲ್ಲ."

"ಯಾಕೆ?"

"ಗೊತ್ತಿಲ್ಲ. ನಾನು ಕೇಳ್ಲಿಲ್ಲ."

ಶಾಮಸುಂದರ ಎರಡು ಸ್ಟಾರ್ಟರುಗಳನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದ. ಹಳೆಯದು ಸುಟ್ಟ ತಾಮ್ರ. ಹೊಸದು ಸುಡದ ತಾಮ್ರ. ಎಂದರೆ ಸೋಮವಾರ ಯಾರೂ ಇದಕ್ಕೆ ಸ್ಕ್ರೂಡ್ರೈವರ್ ಇಟ್ಟಿಲ್ಲ.

ಇನ್ನು ಸ್ವಿಚ್ಚಿನ ವಯರು. ಗೇರ್ ಪೆಟ್ಟಿಗೆಯಿಂದ ಹೊರಟು, ಸೈಲೆನ್ಸರಿನಿಂದ ಎರಡೇ ಬೆರಳು ದೂರದಲ್ಲಿ ಹಾದುಹೋಗುವ ತಂತಿ. ಅದನ್ನು ಕತ್ತರಿಸಿ ಸ್ವಿಚ್ಚನ್ನು ಬಿಟ್ಟು ನೇರ ಜೋಡಿಸಿದ್ದರು. ಜೋಡಿಸಿದ ಕಡೆ ಕರಿಯ ಪ್ಲಾಸ್ಟಿಕ್ ಟೇಪು.

"ನನ್ನ ಕೈಯಲ್ಲ," ಚನಿಯ ದೂರದಿಂದಲೇ ಹೇಳಿದ. "ಆ ವಯರಿನ ಸುದ್ದಿಗೇ ನಾನು ಹೋಗ್ಲಿಲ್ಲ."

ಶಾಮಸುಂದರ ಟೇಪನ್ನು ಮೂಸಿದ. ಬೆರಳಿನಿಂದ ಒತ್ತಿದ. ಅಂಚುಗಳು ಕತ್ತರಿಸಿದ ಹಾಗೇ ನೆಟ್ಟಗಿದ್ದವು. ಅಂಟು ಎಲ್ಲೂ ಹೊರಗೆ ಬಂದಿರಲಿಲ್ಲ. ಗುರುವಾರವೇ ಈ ಟೇಪು ಸುತ್ತಿದ್ದರೆ, ಶುಕ್ರ ಶನಿ ಭಾನುವಾರ ಮೂರು ದಿನ ಜೂನ್ ಬಿಸಿಲಿನಲ್ಲಿ ಯುಜಿನ್ ದುಡಿಸಿದ ಎಂಜಿನಿನ ಪಕ್ಕದಲ್ಲಿ, ಅದು ಕರಗಿ ಇಳಿದು ಮರಳು ಮೆತ್ತಿಕೊಂಡು ಕರಿ ಜಿಗಟು ಆಗಿರಬೇಕಿತ್ತು. ಟೇಪು ಸುತ್ತಿದ್ದು ಸೋಮವಾರ. ಟ್ರ್ಯಾಕ್ಟರು ನಿಂತ ಮೇಲೆ.

ಅವನ ತಲೆಯಲ್ಲಿ ಲೆಕ್ಕ ಕೂತಿತು. ಸ್ಕ್ರೂಡ್ರೈವರ್ ಇಟ್ಟಿಲ್ಲ. ಸ್ವಿಚ್ಚು ಆಗ ಸರಿಯಾಗಿಯೇ ಇತ್ತು. ಹಾಗಾದರೆ ಟ್ರ್ಯಾಕ್ಟರು ನ್ಯೂಟ್ರಲ್ಲಿನಲ್ಲಿ, ಕೀಲಿಯಿಂದ, ಮರ್ಯಾದೆಯಾಗಿ ಸ್ಟಾರ್ಟ್ ಆಗಿದೆ. ಆಮೇಲೆ ಯಾರೋ ಕ್ಲಚ್ಚು ಒತ್ತಿ ಗೇರು ಹಾಕಿದ್ದಾರೆ. ಕ್ಲಚ್ಚು ಒತ್ತಬೇಕಾದರೆ ಸೀಟಿನ ಮೇಲೆ ಒಬ್ಬ ಇರಬೇಕು. ಯುಜಿನ್ ನೆಲದ ಮೇಲಿದ್ದ.

"ಚನಿಯ, ನಿನ್ನ ಕೆಲಸದಲ್ಲಿ ತಪ್ಪಿಲ್ಲ."

ಚನಿಯ ಬ್ಯಾಟರಿ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ಅದು ನನಗೆ ಗೊತ್ತಿತ್ತು," ಎಂದ. "ನಿಮ್ಮ ಬಾಯಿಂದ ಬರ್ಬೇಕಿತ್ತು."

---

ತೋಟದ ಮ್ಯಾನೇಜರ್ ಹರ್ಷಿತ್ ಹತ್ತೂವರೆಗೆ ಬಂದ. ಕರೆಸಿದ್ದು ಒಂಬತ್ತಕ್ಕೆ. ಪುತ್ತೂರು ಕಡೆಯ ಹುಡುಗ, ಮೂವತ್ತಾರು ವಯಸ್ಸು, ಆರಡಿಯ ಮೇಲೆ ಒಂದಿಂಚು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದ.

"ಸರ್, ಟ್ರಾಫಿಕ್. ಸಾರಿ. ನನ್ನ ಸ್ಟೇಟ್‌ಮೆಂಟ್ ಆಲ್ರೆಡಿ ಕೊಟ್ಟಾಗಿದೆ. ಮತ್ತೆ ಎಂಥದು?"

"ಟ್ರ್ಯಾಕ್ಟರ್ ಹತ್ತು."

"ಹಾಂ?"

"ಹತ್ತಿ ಸೀಟಿನಲ್ಲಿ ಕೂತ್ಕೊ. ಏನನ್ನೂ ಸರಿಸಬೇಡ."

ಹರ್ಷಿತ್ ಚನಿಯನ ಮುಖ ನೋಡಿದ. ಚನಿಯ ಗೋಡೆ ನೋಡಿದ. ಹರ್ಷಿತ್ ಹತ್ತಿದ. ಕೂರುವಾಗ ಅವನ ಎರಡೂ ಮಂಡಿ ಸ್ಟೀರಿಂಗಿಗೆ ಬಡಿದವು. ಕ್ಲಚ್ಚಿನ ಮೇಲೆ ಪಾದ ಇಡಲು ಮೊಣಕಾಲನ್ನು ಗಲ್ಲದವರೆಗೆ ಮಡಿಸಬೇಕಾಯಿತು.

ಸೀಟಿನ ಕೆಳಗಿನ ಪಿನ್ನು ಎಲ್ಲಕ್ಕಿಂತ ಮುಂದಿನ ತೂತಿನಲ್ಲಿತ್ತು. ಸೋಮವಾರ ಪೊಲೀಸರು ತೆಗೆದ ಫೋಟೋದಲ್ಲೂ ಅಲ್ಲೇ ಇತ್ತು. ಯುಜಿನನೂ ಉದ್ದ ಮನುಷ್ಯ. ಅವನು ಮೂರು ದಿನ ಹೀಗೆ ಮಡಿಸಿಕೊಂಡು ಓಡಿಸಿದ ಎಂದರೆ ಕತ್ತೆಯೂ ನಂಬದು.

"ಇಳಿ. ಯುಜಿನ್ ಮೇಲೆ ಟ್ರ್ಯಾಕ್ಟರ್ ಹತ್ತಿಸಿದ್ದು ನೀನಲ್ಲ."

"ಹತ್ತಿಸಿದ್ದಾ?" ಹರ್ಷಿತ್ ಇಳಿಯುವುದನ್ನು ಅರ್ಧಕ್ಕೇ ನಿಲ್ಲಿಸಿದ. "ಸರ್, ಅದು ಆಕ್ಸಿಡೆಂಟ್. ಪಕ್ಕದಲ್ಲೇ ಸ್ಕ್ರೂಡ್ರೈವರ್ ಬಿದ್ದಿತ್ತು. ಪೊಲೀಸ್ ಫೋಟೋ ನೋಡಿ."

"ನೋಡಿದೀನಿ. ನೀನೂ ನೋಡು."

ಶಾಮಸುಂದರ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದ. ಮರಳಿನ ಮೇಲೆ ದೊಡ್ಡ ಗಾಲಿಯ ಅಚ್ಚು, ಮೀನಿನ ಮುಳ್ಳಿನ ಹಾಗೆ. ಅದರ ಮೇಲೆ ಕೆಂಪು ಹಿಡಿಯ ಸ್ಕ್ರೂಡ್ರೈವರ್.

"ಯುಜಿನ್ ಕೈಯಿಂದ ಬಿದ್ದಿದ್ದರೆ ಗಾಲಿ ಅದರ ಮೇಲೆ ಹೋಗಬೇಕಿತ್ತು. ಮರಳಿನಲ್ಲಿ ಹೂತಿರಬೇಕಿತ್ತು. ಇಲ್ಲಿ ನೋಡು, ಅಚ್ಚು ಕೆಳಗಿದೆ, ಸ್ಕ್ರೂಡ್ರೈವರ್ ಮೇಲಿದೆ. ಗಾಲಿ ಹೋದ ಮೇಲೆ ತಂದಿಟ್ಟಿದ್ದು. ಆ ಟೂಲ್ ಪೆಟ್ಟಿಗೆ ಎಲ್ಲಿರುತ್ತೆ?"

"ನನ್ನ… ಆಫೀಸಲ್ಲಿ."

"ಕೀಲಿ?"

ಹರ್ಷಿತನ ಕೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಈ ಮರಳುಗಾಡಿನಲ್ಲೂ ಇದ್ದಾರೆ.

"ಓದಿದವನು ನೀನು. ಸತ್ತವನ ಪಕ್ಕ ನಿಂತು ಅವನದೇ ತಪ್ಪು ಅಂತ ಸಾಮಾನು ಜೋಡಿಸಿದೆ. ಅಲ್ಲಿ ನಿಂತಿದಾನಲ್ಲ, ಅವನ ಮುಖ ನೋಡಿ ಹೇಳು. ನಿನ್ನಿಂದ ನಾಳೆ ಜೈಲಿಗೆ ಹೋಗೋನು ಅವನು."

"ಯಾಕೆ ಇಟ್ರಿ ಹರ್ಷಿತಣ್ಣ?" ಚನಿಯ ಕೇಳಿದ. ಸಿಟ್ಟಿನಿಂದಲ್ಲ, ಬೋಲ್ಟಿನ ಅಳತೆ ಕೇಳುವ ಹಾಗೆ.

ಹರ್ಷಿತ್ ಇಳಿದು ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಒರಗಿ ನಿಂತ.

"ನಾನು ಬರುವಾಗಲೇ ಯುಜಿನ್ ಹೋಗಿಯಾಗಿತ್ತು. ಸತ್ಯವಾಗಿ. ಟ್ರ್ಯಾಕ್ಟರು ಖರ್ಜೂರದ ಮರಕ್ಕೆ ತಾಗಿ ಆಫ್ ಆಗಿ ನಿಂತಿತ್ತು. ಸುತ್ತ ಒಂದು ನರಪಿಳ್ಳೆ ಇಲ್ಲ. ಐದು ಗಂಟೆಗೆ ನಾನು ಡ್ಯೂಟಿಯಲ್ಲಿ ಇರ್ಬೇಕಿತ್ತು. ಹಿಂದಿನ ದಿನ ದುಬೈಯಲ್ಲಿ ಊದ್ ಮೇಥಾದ ಭಾವನ ಮನೆಗೆ ಹೋಗಿದ್ದೆ, ಅಲ್ಲಿಯೇ ಮಲಗಿದೆ. ತೋಟಕ್ಕೆ ಮುಟ್ಟುವಾಗ ಆರೂ ಕಾಲು. ಸೂಪರ್‌ವೈಸ್ ಮಾಡುವವನಿಲ್ಲದಾಗ ಸಾವು ಅಂದ್ರೆ ನನ್ನ ವೀಸಾ ಖಲಾಸ್. ಯುಜಿನ್ ಸ್ಕ್ರೂಡ್ರೈವರಲ್ಲೇ ಸ್ಟಾರ್ಟ್ ಮಾಡ್ತಿದ್ದದ್ದು ಎಲ್ಲರಿಗೂ ಗೊತ್ತುಂಟು. ಒಂದು ಇಟ್ರೆ ಮುಗೀತು ಅಂತ ಆ ಹೊತ್ತಿಗೆ ಕಂಡಿತು."

"ವಯರು?"

"ಯಾವ ವಯರು?"

"ಸ್ವಿಚ್ಚಿನ ವಯರು ಕತ್ತರಿಸಿದ್ದು, ಟೇಪು ಸುತ್ತಿದ್ದು."

"ದೇವರಾಣೆ ಸರ್, ಆ ಸ್ವಿಚ್ಚು ಎಲ್ಲುಂಟು ಅಂತಲೇ ನನಗೆ ಗೊತ್ತಿಲ್ಲ. ನಾನು ಓದಿದ್ದು ಮಣ್ಣು, ಗೊಬ್ಬರ. ವೈರಿಂಗ್ ಅಲ್ಲ."

ಶಾಮಸುಂದರ ಅವನನ್ನು ನಂಬಿದ. ನಂಬಿದ್ದು ಅವನ ಆಣೆಯನ್ನಲ್ಲ. ಎರಡು ದಿನದಿಂದ ಕಾಲಿಗೆ ಸಿಕ್ಕ ಮುಳ್ಳಿನ ಹಾಗೆ ಒಂದು ಪ್ರಶ್ನೆ ಚುಚ್ಚುತ್ತಿತ್ತು. ಸ್ಕ್ರೂಡ್ರೈವರ್ ಇಟ್ಟರೆ ಸ್ವಿಚ್ಚಿನ ಹಂಗಿಲ್ಲ. ಸ್ವಿಚ್ಚು ತಪ್ಪಿಸಿದರೆ ಸ್ಕ್ರೂಡ್ರೈವರ್ ಬೇಕಿಲ್ಲ. ಒಂದು ಸಾವಿಗೆ ಎರಡು ಕಾರಣ ಯಾಕೆ? ಈಗ ಗೊತ್ತಾಯಿತು. ಜೋಡಿಸಿದವರು ಇಬ್ಬರು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದು.

ಹರ್ಷಿತನಿಗಿಂತ ಮುಂಚೆ ಅಲ್ಲಿಗೆ ಯಾರೋ ಬಂದು ಹೋಗಿದ್ದಾರೆ.

"ಗೇಟಿನ ಪುಸ್ತಕ ಎಲ್ಲಿ? ಸೋಮವಾರದ ಹಾಳೆ ಹರಿದಿದೆ ಅಂದರಲ್ಲ ಪೊಲೀಸರು."

"ಹರಿದದ್ದು ನಾನೇ. ನಾನು ಬಂದ ಟೈಮ್ ಅದರಲ್ಲಿತ್ತು. ಆದರೆ ಫೋಟೋ ಇಟ್ಟಿದ್ದೇನೆ."

"ಯಾಕೆ ಇಟ್ಟೆ?"

"ನನಗಿಂತ ಮುಂಚೆ ಇನ್ನೊಂದು ಗಾಡಿ ಬಂದದ್ದು ಅದರಲ್ಲಿ ಉಂಟು. ಹೇಳಿದ್ರೆ ನನ್ನದೂ ಹೊರಗೆ ಬರ್ತದೆ ಅಂತ ಸುಮ್ಮನಿದ್ದೆ." ಅವನು ಫೋನು ತೆಗೆದ. ಚನಿಯನ ಕಡೆ ನೋಡದೆ ಹೇಳಿದ, "ಐದೂ ಇಪ್ಪತ್ತಕ್ಕೆ ಒಳಗೆ. ಐದೂ ಐವತ್ತೈದಕ್ಕೆ ಹೊರಗೆ. ಬಿಳಿ ಪಿಕಪ್. ನಂಬರು ಇಲ್ಲುಂಟು. ಅದು ಚನಿಯಣ್ಣನ ಗಾಡಿ."

ಶಾಮಸುಂದರ ಫೋನು ಇಸಿದುಕೊಂಡು ನಂಬರು ಓದಿದ.

ಲೋಟ ಎತ್ತಿಕೊಳ್ಳಲು ಬಂದಿದ್ದ ಲೋಲಾಕ್ಷಿ ಮೇಜಿನ ಬಳಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಮೂರು ಲೋಟವನ್ನೂ ಒಂದರೊಳಗೆ ಒಂದು ಇಟ್ಟಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

"ಇನ್ನೂ ಹೊತ್ತು ಆಗ್ತದಾ?" ಎಂದು ಗಂಡನನ್ನು ಕೇಳಿದಳು.

"ಸ್ವಲ್ಪ," ಎಂದ ಚನಿಯ.

ಅವಳು ಹೋದಳು. ಚಪ್ಪಲಿ ಸದ್ದು ಅವಸರವಿಲ್ಲದೆ ಬಾಗಿಲು ದಾಟಿತು.

"ಗೇಟಿನವನು ಡ್ರೈವರನ್ನು ನೋಡಿದನಾ?" ಶಾಮಸುಂದರ ಕೇಳಿದ.

"ಇಲ್ಲ ಸರ್. ಗೊತ್ತಿರುವ ಗಾಡಿ. ಇನ್ನೂ ಬೆಳಕು ಸರಿ ಬಿಟ್ಟಿರ್ಲಿಲ್ಲ. ಗಾಜು ಕಪ್ಪು. ಯಲ್ಲಾ, ಹೋಗು ಅಂತ ಗೇಟಿನ ಅಡ್ಡಕಂಬ ಎತ್ತಿದ್ದಾನೆ, ನಂಬರು ಬರ್ದಿದ್ದಾನೆ."

"ಸರಿ. ಹೊರಗೆ ಹೋಗಿ ನಿನ್ನ ಕಾರಲ್ಲಿ ಕೂತಿರು. ಊರು ಬಿಟ್ಟರೆ ನಾನೇ ಹುಡುಕ್ಕೊಂಡು ಬರ್ತೀನಿ."

ಹರ್ಷಿತ್ ತಲೆ ತಗ್ಗಿಸಿ ಬಾಗಿಲು ದಾಟಿದ. ಈ ಸಲ ಬಾಗಿಲು ಗಿಡ್ಡವಾಗಿದ್ದದ್ದರಿಂದಲ್ಲ.

ಶಾಮಸುಂದರ ಚನಿಯನ ಕಡೆ ತಿರುಗಿದ.

"ಸೋಮವಾರ ನಾಲ್ಕೂವರೆಯಿಂದ ಎಂಟರವರೆಗೆ ನೀನು ಎಲ್ಲಿದ್ದೆ ಅಂತ ಕೇಳಲ್ಲ. ನನಗೆ ಗೊತ್ತು. ಬಸ್ ಕಂಪನಿಯ ಶೆಡ್ಡಿನಲ್ಲಿ, ಲೇಬರ್ ಬಸ್ಸುಗಳ ಕೆಳಗೆ. ಮೊನ್ನೆ ಆ ಕ್ಯಾಮೆರಾ ನಾನೇ ಕೂತು ನೋಡಿದ್ದೀನಿ. ಮೂರೂವರೆ ಗಂಟೆ, ನಿನ್ನ ಕಾಲು ಕಾಣ್ತಾನೇ ಇತ್ತು. ಕಂಪನಿ ಗಾಡೀಲಿ ಹೋದೆ, ಕಂಪನಿ ಗಾಡೀಲಿ ವಾಪಸು ಬಂದೆ."

"ಹೌದು."

"ನಿನ್ನ ಪಿಕಪ್ ಎಲ್ಲಿತ್ತು?"

"ಮನೆ ಎದುರು."

"ಕೀಲಿ?"

ಚನಿಯ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ಬಿಚ್ಚಿ, ಮತ್ತೆ ಕಟ್ಟಿಕೊಂಡ.

ಶಾಮಸುಂದರ ಬ್ಲೇಡು ತೆಗೆದುಕೊಂಡು ಟ್ರ್ಯಾಕ್ಟರಿನ ಬಳಿ ಹೋದ. ಬಿಚ್ಚಬಹುದು, ಫೋಟೋ ತೆಗೆದು ಚೀಲಕ್ಕೆ ಹಾಕಬೇಕು ಎಂದು ಪೊಲೀಸರ ಅನುಮತಿ ಪತ್ರ ಇತ್ತು. ಇಷ್ಟು ದಿನ ಆ ಟೇಪನ್ನು ಯಾರೂ ಬಿಚ್ಚಿರಲಿಲ್ಲ. ಟೇಪಿನ ಕೆಳಗೆ ತಿರುಚಿದ ತಂತಿಯಲ್ಲದೆ ಇನ್ನೇನಿರುತ್ತದೆ? ಎಂಜಿನಿಯರನೂ ಹಾಗೇ ಅಂದುಕೊಂಡ. ಶಾಮಸುಂದರನೂ ಹತ್ತು ನಿಮಿಷದ ಹಿಂದಿನವರೆಗೆ ಹಾಗೇ ಅಂದುಕೊಂಡಿದ್ದ.

ಬ್ಲೇಡಿನ ತುದಿಯಿಂದ ಅಂಚು ಎಬ್ಬಿಸಿದ. ಟೇಪು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಒಂದು ಸುತ್ತು, ಎರಡು, ಮೂರು. ಸುತ್ತಿದವರು ಚೆನ್ನಾಗಿ ಮುಚ್ಚಿದ್ದರು. ಬೇರೆ ಯಾರದೋ ಒರಟು ಕೈ ಎಂದು ಕಾಣಲಿ ಎಂದೇ ಮುಚ್ಚಿದ ಹಾಗಿತ್ತು.

ಕೆಳಗೆ ದಾರ ಕಂಡಿತು.

ಮೇಣದ ದಾರ. ಬೆಸುಗೆಗೆ ಸಮಯ ಇರಲಿಲ್ಲ, ತಂತಿಯನ್ನು ತಿರುಚಿದ್ದರು ಅಷ್ಟೆ. ಆದರೆ ತಿರುಚಿದ ಮೇಲೆ ಕೈ ಸುಮ್ಮನಿರಲಿಲ್ಲ. ಎರಡು ಎಳೆ ಎಡಕ್ಕೆ, ಎರಡು ಎಳೆ ಬಲಕ್ಕೆ. ಸಾಲಾಗಿ, ಬಿಗಿಯಾಗಿ, ಮಲ್ಲಿಗೆ ದಂಡೆ ಕಟ್ಟಿದ ಹಾಗೆ.

ಅವಸರದಲ್ಲೂ ಒಂದು ಗಂಟೂ ಸಡಿಲ ಇರಲಿಲ್ಲ.

ಶಾಮಸುಂದರ ಅದನ್ನು ನೋಡುತ್ತಾ ನಿಂತ. ಯುಜಿನ್ ಸತ್ತ ಮೇಲೆ, ಹರ್ಷಿತ್ ಬರುವ ಮುಂಚೆ, ಈ ಕೈ ಇಲ್ಲಿತ್ತು. ಸೀಟಿನ ಮೇಲೆ ಯಾರೂ ಇರಲಿಲ್ಲ ಎಂದು ಜಗತ್ತು ನಂಬಬೇಕಿತ್ತು. ಅದಕ್ಕಾಗಿ ಸ್ವಿಚ್ಚು ತಪ್ಪಿಸಿತು. ಕೊಲೆ ಎಂದಾಗುವುದಕ್ಕಿಂತ ಸ್ಟಾರ್ಟರ್ ಕೂರಿಸಿದವನ ಬೇಜವಾಬ್ದಾರಿ ಎಂದಾಗಲಿ ಎಂದುಕೊಂಡಿತು. ಕೂರಿಸಿದವನು ಯಾರೆಂದು ಆ ಕೈಗೆ ಗೊತ್ತಿತ್ತು.

ಚನಿಯ ಹತ್ತಿರ ಬಂದು ನಿಂತಿದ್ದ. ಈ ಸಲ ಶಾಮಸುಂದರ ಮುಟ್ಟಬೇಡ ಎನ್ನಲಿಲ್ಲ. ಚನಿಯನೂ ಮುಟ್ಟಲಿಲ್ಲ. ಒಮ್ಮೆ ನೋಡಿದ. ಕಣ್ಣು ತೆಗೆದ.

"ಸಾರ್," ಎಂದ. ದನಿ ಸಮವಾಗಿತ್ತು. "ಅದು ನಾನು ಕಟ್ಟಿದ್ದು."

"ಯಾವಾಗ?"

"ಸೋಮವಾರ."

"ಬಸ್ಸಿನ ಕೆಳಗಿದ್ದೆ ನೀನು."

"ಕ್ಯಾಮೆರಾದಲ್ಲಿ ಕಾಲು ಕಂಡದ್ದಲ್ಲವಾ ನಿಮಗೆ? ಮುಖ ಕಾಣ್ಲಿಲ್ಲ. ಕಾಲು ಯಾರದ್ದೂ ಆಗ್ಬಹುದು. ಬರ್ಕೊಳ್ಳಿ. ಟ್ರ್ಯಾಕ್ಟರು ಬಿಟ್ಟದ್ದೂ ನಾನೇ."

"ಇಷ್ಟು ಉದ್ದ ಕಾಲು ಇಟ್ಟುಕೊಂಡು, ಆ ಸೀಟಿನಲ್ಲಿ?"

"ಬರ್ಕೊಳ್ಳಿ ಅಂದೆ."

ಶಾಮಸುಂದರನಿಗೆ ಸಿಟ್ಟು ಬರಬೇಕಿತ್ತು. ಯಾಕೋ ಬರಲಿಲ್ಲ. ಅವನು ಚನಿಯನ ಪೆಟ್ಟಿಗೆ ತೆರೆದ. ಮೇಣದ ದಾರದ ಉಂಡೆ ತೆಗೆದು, ಒಂದು ಮೊಳ ಕತ್ತರಿಸಿದ. ನೆಲದಿಂದ ಒಂದು ತುಂಡು ವಯರು ಎತ್ತಿಕೊಂಡ. ಎರಡನ್ನೂ ಚನಿಯನ ಕೈಯಲ್ಲಿಟ್ಟ.

"ಹಾಗಾದರೆ ಕಟ್ಟಿ ತೋರಿಸು."

ಚನಿಯ ದಾರ ಹಿಡಿದ. ವಯರನ್ನು ಹೆಬ್ಬೆರಳಿನಡಿ ಒತ್ತಿ, ಮೊದಲ ಎಳೆಯನ್ನು ಎಡಕ್ಕೆ ತಂದ. ತೋರುಬೆರಳು ಅದನ್ನು ತಡೆದು ಹಿಡಿಯಬೇಕಿತ್ತು. ಇಲ್ಲದ ಗೆಣ್ಣಿನ ಮೇಲಿಂದ ದಾರ ಜಾರಿತು. ಮತ್ತೆ ತಂದ. ಮತ್ತೆ ಜಾರಿತು. ಮೂರನೆಯ ಸಲ ಅವನ ಕೈ ಅಲ್ಲೇ ನಿಂತಿತು.

ಹೊರಗೆ, ಗೋದಾಮಿನ ಗೋಡೆಯಾಚೆ, ಪಿಕಪ್ಪಿನ ಸ್ಟಾರ್ಟರ್ ಸದ್ದಾಯಿತು. ಚನಿಯ ಕೈಯಾರೆ ಬಿಚ್ಚಿ ಕೂರಿಸಿದ ಸ್ಟಾರ್ಟರ್.

ಒಂದೇ ಸಲಕ್ಕೆ ಹಿಡಿಯಿತು.